ವೆಬ್ ಪುಟ ಕಲಿಸುವಾಗ ಅಪ್‌ಲೋಡ್ ಮೊದಲ ದಿನವೇ ಆಗಲಿ

ಪ್ರಶ್ನೆ: ಹೊಸಬರ ಒಂದು ಗುಂಪಿಗೆ ವೆಬ್ ಪುಟ ಮಾಡುವುದನ್ನು ಕಲಿಸುತ್ತಿದ್ದೇನೆ. ಒಟ್ಟು ನಾಲ್ಕು ತರಗತಿ, ಒಂದೊಂದೂ ಎರಡು ಗಂಟೆ. ಬರುವವರಲ್ಲಿ ಕೆಲವರಿಗೆ ಮೇಲ್ ಕಳಿಸುವುದು, ಫೋಟೋ ನೋಡುವುದು ಬಿಟ್ಟರೆ ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ. ಹೋದ ಸಲ ಮೊದಲ ಮೂರು ತರಗತಿ ಪೂರ್ತಿ ಟ್ಯಾಗ್‌ಗಳನ್ನೇ, ಅಂದರೆ ಪುಟದ ಭಾಗಗಳನ್ನು ಗುರುತಿಸಲು ಎಚ್‌ಟಿಎಂಎಲ್ ಭಾಷೆಯಲ್ಲಿ ಬಳಸುವ ಗುರುತುಗಳನ್ನೇ ಹೇಳಿಕೊಟ್ಟೆ. ಎಲ್ಲರಿಗೂ ಚೆನ್ನಾಗಿ ಬಂತು. ಕೊನೆಯ ತರಗತಿಯಲ್ಲಿ ಅಪ್‌ಲೋಡ್ ಮಾಡಿಸಲು ಹೋದಾಗ ಎಲ್ಲ ಕೆಟ್ಟಿತು. ಒಬ್ಬರ ಚಿತ್ರ ಬರಲಿಲ್ಲ, ಇನ್ನೊಬ್ಬರ ಪುಟವೇ ತೆರೆಯಲಿಲ್ಲ, ಮತ್ತೊಬ್ಬರ ಕನ್ನಡ ಏನೇನೋ ಚಿಹ್ನೆಗಳಾಗಿ ಕಂಡಿತು. ಈ ಸಲ ಹೇಗೆ ಕಲಿಸಲಿ? ಎಚ್‌ಟಿಎಂಎಲ್ ಬಿಟ್ಟು, ಎಳೆದು ಜೋಡಿಸುವ ಸೈಟ್ ಬಿಲ್ಡರ್ ಕಲಿಸುವುದೇ ಒಳ್ಳೆಯದಾ?

ಉತ್ತರ: ನಿಮ್ಮ ವಿದ್ಯಾರ್ಥಿಗಳು ಎಡವಿದ್ದು ಎಚ್‌ಟಿಎಂಎಲ್‌ನಲ್ಲಿ ಅಲ್ಲ. ಮೂರು ತೊಂದರೆಗಳನ್ನೂ ಇನ್ನೊಮ್ಮೆ ನೋಡಿ. ಚಿತ್ರ ಬರಲಿಲ್ಲ, ಪುಟ ತೆರೆಯಲಿಲ್ಲ, ಅಕ್ಷರ ಕೆಟ್ಟಿತು. ಮೂರರ ಬೇರೂ ಫೈಲ್‌ನಲ್ಲಿದೆ. ಫೈಲ್ ಎಲ್ಲಿದೆ, ಅದರ ಹೆಸರೇನು, ಅದು ಯಾವ ರೂಪದಲ್ಲಿ ಸೇವ್ ಆಗಿದೆ ಅನ್ನುವುದರಲ್ಲಿದೆ. ಟ್ಯಾಗ್ ಯಾರಿಗೂ ಅಷ್ಟು ಕಷ್ಟವಲ್ಲ. ಫೈಲ್ ಕಷ್ಟ. ಅದರಲ್ಲೂ ಹೆಚ್ಚಾಗಿ ಫೋನ್ ಬಳಸಿದವರಿಗೆ ಫೋಲ್ಡರ್ ಅನ್ನುವುದು ಕಣ್ಣಿಗೇ ಬಿದ್ದಿರುವುದಿಲ್ಲ. ಫೋಟೋ ಆ್ಯಪ್ ಒತ್ತಿದರೆ ಫೋಟೋ ಬರುತ್ತದೆ. ಅದು ಯಾವ ಫೋಲ್ಡರ್‌ನಲ್ಲಿ, ಯಾವ ಹೆಸರಿನಲ್ಲಿ ಕೂತಿದೆ ಅಂತ ಯೋಚಿಸುವ ಅಗತ್ಯವೇ ಅವರಿಗೆ ಬಂದಿಲ್ಲ.

ಹಾಗಾಗಿ ಕ್ರಮವನ್ನು ತಿರುಗಿಸಿ. ಅಪ್‌ಲೋಡ್ ಕೊನೆಯ ತರಗತಿಯಲ್ಲಿ ಬೇಡ, ಮೊದಲ ತರಗತಿಯಲ್ಲೇ ಆಗಲಿ. ಪುಟದಲ್ಲಿ ಒಂದೇ ಸಾಲು ಇದ್ದರೂ ಸಾಕು. ಆ ಒಂದು ಸಾಲು ಮೊದಲ ದಿನವೇ ಇಂಟರ್ನೆಟ್‌ಗೆ ಹೋಗಬೇಕು. ವಿದ್ಯಾರ್ಥಿ ಅದನ್ನು ತನ್ನ ಫೋನ್‌ನಲ್ಲಿ ತೆರೆದು ನೋಡಬೇಕು. ಆಮೇಲೆ ಕಲಿಯುವ ಪ್ರತಿ ಟ್ಯಾಗ್ ಕೂಡ ಆ ಪುಟಕ್ಕೇ ಸೇರಲಿ, ಪ್ರತಿ ಸಲವೂ ಮತ್ತೆ ಅಪ್‌ಲೋಡ್ ಆಗಲಿ. ನಾಲ್ಕು ತರಗತಿ ಮುಗಿಯುವಷ್ಟರಲ್ಲಿ ಅಪ್‌ಲೋಡ್ ಅವರ ಕೈಗೆ ಕೂತಿರುತ್ತದೆ. ತಪ್ಪುಗಳೂ ಒಂದೊಂದಾಗಿ ಬರುತ್ತವೆ. ಕೊನೆಯ ದಿನ ಎಲ್ಲರದ್ದೂ ಒಟ್ಟಿಗೆ ಕೆಟ್ಟು, ನೀವೊಬ್ಬರೇ ಓಡಾಡುವ ಪಾಡು ತಪ್ಪುತ್ತದೆ.

ಸೈಟ್ ಬಿಲ್ಡರ್ ಬಗ್ಗೆ ಕೇಳಿದ್ದೀರಿ. ಅಂಗಡಿಗೋ ಸಂಘಕ್ಕೋ ನಾಳೆಯೇ ಒಂದು ಸೈಟ್ ಬೇಕು ಅನ್ನುವವರಿಗೆ ಬಿಲ್ಡರ್ ಸರಿಯಾದ ದಾರಿಯೇ. ಆದರೆ ನಿಮ್ಮ ತರಗತಿಗೆ ನಾನು ಅದನ್ನು ಹೇಳುವುದಿಲ್ಲ. ಬಿಲ್ಡರ್‌ನಲ್ಲಿ ಕಲಿಯುವುದು ಆ ಕಂಪನಿಯ ಮೆನುಗಳನ್ನು. ಮೆನು ಬದಲಾದ ದಿನ ಕಲಿತದ್ದೂ ಹೋಗುತ್ತದೆ. ಇನ್ನೊಂದು ಕಡೆಗೆ ಪುಟವನ್ನು ಸಾಗಿಸುವುದೂ ಅಲ್ಲಿ ಸುಲಭವಲ್ಲ. ಕೈಯಾರೆ ಬರೆದ ಎಚ್‌ಟಿಎಂಎಲ್ ಫೈಲ್ ಹಾಗಲ್ಲ. 1990ರ ದಶಕದಲ್ಲಿ ಬರೆದ ಸರಳ ಪುಟ ಇವತ್ತಿನ ಬ್ರೌಸರ್‌ನಲ್ಲೂ ತೆರೆಯುತ್ತದೆ. ಇಷ್ಟು ಬಾಳಿಕೆ ಬರುವ ಕೌಶಲ ಕಂಪ್ಯೂಟರ್ ಲೋಕದಲ್ಲಿ ಕಡಿಮೆ. ಅದನ್ನು ನಾಲ್ಕು ತರಗತಿಯಲ್ಲಿ ಕೊಡಬಹುದು ಅನ್ನುವಾಗ ಬಿಡುವುದು ಯಾಕೆ?

ಇನ್ನೊಂದು ಕಾರಣವೂ ಇದೆ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್‌ನ ಯೋಜನೆ ಮುಂದಿಟ್ಟರು. 1990ರ ಕೊನೆಗೆ ಮೊದಲ ಬ್ರೌಸರ್ ಸಿದ್ಧವಾಯಿತು. ಅದರಲ್ಲಿ ಪುಟ ಓದಬಹುದಿತ್ತು, ಅದೇ ಕಿಟಕಿಯಲ್ಲಿ ಪುಟ ಬರೆಯಲೂ ಬಹುದಿತ್ತು. ಅಂದರೆ ಓದುವವರೆಲ್ಲ ಬರೆಯುವವರೂ ಆಗಬೇಕು ಅನ್ನುವುದು ವೆಬ್‌ನ ಹುಟ್ಟಿನಲ್ಲೇ ಇದ್ದ ಆಸೆ. ಆಮೇಲೆ ಜನಪ್ರಿಯವಾದ ಬ್ರೌಸರ್‌ಗಳಲ್ಲಿ ಬರೆಯುವ ಭಾಗ ಹಿಂದೆ ಸರಿಯಿತು. ಹೊಸಬರ ಕೈಯಲ್ಲಿ ಒಂದು ಪುಟ ಬರೆಸುವುದು ಆ ಬಿಟ್ಟುಹೋದ ಅರ್ಧವನ್ನು ಅವರಿಗೆ ತಿರುಗಿ ಕೊಡುವ ಕೆಲಸ. ಇದನ್ನು ನಾನು ಮನಸ್ಸಿನಿಂದ ನಂಬುತ್ತೇನೆ.

ಮುಂದೆ ಹೋಗುವ ಮುಂಚೆ ಒಂದು ಸೂಚನೆ. ಟ್ಯಾಗ್ ಮತ್ತು ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಅವನ್ನೆಲ್ಲ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಿಸಿ.

ಮೊದಲ ತರಗತಿ: ಒಂದು ಫೋಲ್ಡರ್, ಒಂದು ಫೈಲ್, ಒಂದು ವಿಳಾಸ

ಎಲ್ಲರೂ ಡೆಸ್ಕ್‌ಟಾಪ್ ಮೇಲೆ ಒಂದು ಹೊಸ ಫೋಲ್ಡರ್ ಮಾಡಲಿ. ಅದಕ್ಕೆ ಸೈಟ್ ಅಂತಲೇ ಹೆಸರಿಡಿ. ಪುಟಕ್ಕೆ ಸೇರಿದ ಏನೇ ಇದ್ದರೂ ಈ ಫೋಲ್ಡರ್ ಒಳಗೇ ಇರಬೇಕು, ಹೊರಗೆ ಒಂದು ಚಿತ್ರವೂ ಇರಬಾರದು. ಈ ಒಂದೇ ನಿಯಮ ಮುಂದಿನ ಅರ್ಧ ತೊಂದರೆಗಳನ್ನು ತಡೆಯುತ್ತದೆ. ಬೋರ್ಡ್ ಮೇಲೆ ಬರೆದು ನಾಲ್ಕೂ ತರಗತಿ ಹಾಗೇ ಬಿಡಿ.

ಮುಂದಿನ ಕೆಲಸ ಫೈಲ್ ಹೆಸರಿನ ಬಾಲವನ್ನು, ಅಂದರೆ ಕೊನೆಯ ಡಾಟ್ ಆದ ಮೇಲಿನ ಭಾಗವನ್ನು ತೋರಿಸುವುದು. ವಿಂಡೋಸ್ ಮಾಮೂಲಾಗಿ ಅದನ್ನು ಮುಚ್ಚಿಡುತ್ತದೆ. ವಿದ್ಯಾರ್ಥಿ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತ ಸೇವ್ ಮಾಡಿರುತ್ತಾರೆ. ಕಣ್ಣಿಗೆ ಹಾಗೇ ಕಾಣುತ್ತದೆ. ನಿಜವಾದ ಹೆಸರು ಮಾತ್ರ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಡಾಟ್ ಟಿಎಕ್ಸ್‌ಟಿ ಆಗಿರುತ್ತದೆ. ಬ್ರೌಸರ್ ಅದನ್ನು ಪುಟ ಅಂತ ಗುರುತಿಸುವುದಿಲ್ಲ, ಬರೆದ ಟ್ಯಾಗ್‌ಗಳನ್ನೇ ಹಾಗೆಹಾಗೇ ತೋರಿಸುತ್ತದೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಅದರೊಳಗೆ ಶೋ, ಅಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಒತ್ತಿಸಿ. ತರಗತಿಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಇದನ್ನು ವಿದ್ಯಾರ್ಥಿಗಳೇ ಮಾಡಲಿ. ನೀವು ಮುಂಚೆಯೇ ಮಾಡಿಟ್ಟರೆ ಮನೆಯ ಕಂಪ್ಯೂಟರ್‌ನಲ್ಲಿ ಅವರು ಮತ್ತೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಬರೆಯಲು ನೋಟ್‌ಪ್ಯಾಡ್ ಸಾಕು. ವಿಎಸ್ ಕೋಡ್ ಒಳ್ಳೆಯ ಎಡಿಟರ್ ನಿಜ, ಆದರೆ ತೆರೆದ ತಕ್ಷಣ ನಾಲ್ಕು ಕಡೆ ಬಟನ್‌ಗಳು ಕಂಡು ಹೊಸಬರು ಗಾಬರಿಯಾಗುತ್ತಾರೆ. ಅದನ್ನು ಮೂರನೇ ತರಗತಿಗೆ ಇಟ್ಟುಕೊಳ್ಳಿ. ವರ್ಡ್‌ನಲ್ಲಿ ಮಾತ್ರ ಬರೆಯಿಸಲೇಬೇಡಿ. ವರ್ಡ್ ನೇರ ಉದ್ಧರಣ ಚಿಹ್ನೆಯನ್ನು ತಾನಾಗಿ ಬಾಗಿದ ಚಿಹ್ನೆಗೆ ಬದಲಿಸುತ್ತದೆ. ಆ ಬಾಗಿದ ಚಿಹ್ನೆ ಎಚ್‌ಟಿಎಂಎಲ್‌ಗೆ ಅರ್ಥವಾಗುವುದಿಲ್ಲ, ಲಿಂಕ್‌ಗಳೆಲ್ಲ ಸತ್ತುಹೋಗುತ್ತವೆ. ಯಾರಾದರೂ ಮ್ಯಾಕ್ ತಂದಿದ್ದರೆ ಅದರಲ್ಲಿರುವ ಟೆಕ್ಸ್ಟ್‌ಎಡಿಟ್‌ನಲ್ಲಿ ಫಾರ್ಮ್ಯಾಟ್ ಮೆನುಗೆ ಹೋಗಿ ಮೇಕ್ ಪ್ಲೇನ್ ಟೆಕ್ಸ್ಟ್ ಒತ್ತಿಸಿ. ಇಲ್ಲದಿದ್ದರೆ ಅದು ರಿಚ್ ಟೆಕ್ಸ್ಟ್ ರೂಪದಲ್ಲಿ ಸೇವ್ ಮಾಡುತ್ತದೆ.

ಮೊದಲ ಪುಟದಲ್ಲಿ ಏನಿರಬೇಕು? ಒಂದು ಎಚ್‌1 ತಲೆಬರಹ, ಅದರ ಕೆಳಗೆ ಪಿ ಟ್ಯಾಗ್‌ನಲ್ಲಿ ಒಂದು ಸಾಲು. ಉಳಿದ ಚೌಕಟ್ಟನ್ನು, ಅಂದರೆ ಡಾಕ್‌ಟೈಪ್, ಹೆಡ್, ಬಾಡಿ ಇವನ್ನೆಲ್ಲ ನೀವೇ ಸಿದ್ಧ ಮಾಡಿ ಒಂದು ಫೈಲ್ ಕೊಟ್ಟುಬಿಡಿ. ಮೊದಲ ದಿನ ಇವುಗಳ ಅರ್ಥ ಹೇಳುತ್ತಾ ಕೂತರೆ ಗಂಟೆ ಕಳೆದುಹೋಗುತ್ತದೆ. ಇದು ಎಲ್ಲ ಪುಟಕ್ಕೂ ಬೇಕು, ಮುಟ್ಟದೆ ಬಿಡಿ ಅಂದರೆ ಸಾಕು. ಆ ಚೌಕಟ್ಟಿನಲ್ಲಿ ಮೂರು ಸಾಲು ತಪ್ಪದೆ ಇರಲಿ. ಭಾಷೆ ಕನ್ನಡ ಅಂತ ತಿಳಿಸಲು ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಈಕ್ವಲ್ಸ್ ಕೆಎನ್. ಅಕ್ಷರ ಕೆಡದಂತೆ ಮೆಟಾ ಚಾರ್‌ಸೆಟ್ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನೂ ಫೈಲ್‌ನಲ್ಲಿ ಇಡುವ ಪದ್ಧತಿ). ಫೋನ್‌ನಲ್ಲಿ ಸರಿಯಾಗಿ ಕಾಣಲು ಮೆಟಾ ವ್ಯೂಪೋರ್ಟ್. ವ್ಯೂಪೋರ್ಟ್ ಸಾಲು ಇಲ್ಲದಿದ್ದರೆ ಫೋನ್‌ಗಳು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದು ಅಂದುಕೊಂಡು ಕುಗ್ಗಿಸಿಬಿಡುತ್ತವೆ, ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಮೊದಲ ದಿನ ವಿದ್ಯಾರ್ಥಿ ತನ್ನ ಪುಟವನ್ನು ನೋಡುವುದೇ ಫೋನ್‌ನಲ್ಲಿ ಅಲ್ವಾ? ಅದಕ್ಕೇ ಈ ಸಾಲು ಬೇಕೇಬೇಕು.

ಫೈಲ್ ಸೇವ್ ಮಾಡಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ಪುಟ ತೆರೆಯುತ್ತದೆ. ಇಲ್ಲಿ ನಿಲ್ಲಿಸಿ. ವಿಳಾಸದ ಪಟ್ಟಿಯನ್ನು ಎಲ್ಲರಿಗೂ ಓದಿಸಿ. ಅದು ಫೈಲ್ ಅನ್ನುವ ಪದದಿಂದ ಶುರುವಾಗುತ್ತದೆ. ಇದು ನಿಮ್ಮ ಕಂಪ್ಯೂಟರ್ ಒಳಗಿನ ಪ್ರತಿ, ಬೇರೆ ಯಾರಿಗೂ ಕಾಣುವುದಿಲ್ಲ ಅಂತ ಹೇಳಿ. ನಂಬದವರು ಆ ವಿಳಾಸವನ್ನು ಪಕ್ಕದವರ ಕಂಪ್ಯೂಟರ್‌ನಲ್ಲಿ ಹಾಕಿ ನೋಡಲಿ. ಈ ಪ್ರಯೋಗಕ್ಕೆ ಐದು ನಿಮಿಷ ಹೋದರೂ ಪರವಾಗಿಲ್ಲ. ಒಂದೇ ಪುಟಕ್ಕೆ ಎರಡು ಪ್ರತಿ ಇರುತ್ತವೆ, ಒಂದು ನನ್ನಲ್ಲಿ, ಇನ್ನೊಂದು ಸರ್ವರ್‌ನಲ್ಲಿ, ಅಂದರೆ ಪುಟವನ್ನು ಇಂಟರ್ನೆಟ್ ಮೂಲಕ ಎಲ್ಲರಿಗೂ ಕೊಡುವ ಕಂಪ್ಯೂಟರ್‌ನಲ್ಲಿ. ಈ ಮಾತು ಅವತ್ತು ತಲೆಗೆ ಹೋದರೆ ಮುಂದಿನದೆಲ್ಲ ಸಲೀಸು.

ಆಮೇಲೆ ಅಪ್‌ಲೋಡ್. ಮೊದಲ ದಿನಕ್ಕೆ ಎಫ್‌ಟಿಪಿ, ಅಂದರೆ ಬೇರೆ ಆ್ಯಪ್‌ನಿಂದ ಸರ್ವರ್‌ಗೆ ಫೈಲ್ ಕಳಿಸುವ ವಿಧಾನ ಬೇಡ. ಬ್ರೌಸರ್‌ನಲ್ಲೇ ಫೈಲ್ ಎಳೆದು ಬಿಡಬಹುದಾದ ಸೇವೆ ಆರಿಸಿಕೊಳ್ಳಿ. ನಿಯೋಸಿಟೀಸ್ 2013ರಿಂದ ಇದೆ, ಉಚಿತ ಖಾತೆ ಕೊಡುತ್ತದೆ, ಫೈಲ್ ಪಟ್ಟಿಯನ್ನು ಕಣ್ಣೆದುರೇ ತೋರಿಸುತ್ತದೆ. ಹೊಸಬರಿಗೆ ಫೈಲ್ ಪಟ್ಟಿ ಕಾಣುವುದು ಮುಖ್ಯ. ಗಿಟ್‌ಹಬ್ ಪೇಜಸ್ ಕೂಡ ಉಚಿತ, ಗಟ್ಟಿಯಾದ ಸೇವೆ. ಆದರೆ ರೆಪಾಸಿಟರಿ, ಕಮಿಟ್, ಬ್ರಾಂಚ್ ಅಂತ ಹೊಸ ಪದಗಳು ಒಮ್ಮೆಲೇ ಮೇಲೆ ಬೀಳುತ್ತವೆ. ಪ್ರೋಗ್ರಾಮಿಂಗ್ ಕಡೆ ಹೋಗುವವರಿಗೆ ಆಮೇಲೆ ಅದನ್ನು ತೋರಿಸಿ.

ಖಾತೆ ಮಾಡಿಸುವುದರಲ್ಲೇ ತರಗತಿ ಕಳೆದುಹೋಗುವ ಭಯವಿದೆ. ಇಮೇಲ್ ದೃಢೀಕರಣ ಬರಬೇಕು, ಪಾಸ್‌ವರ್ಡ್ ನೆನಪಿರಬೇಕು, ಆರಿಸಿದ ಯೂಸರ್ ಹೆಸರನ್ನು ಬೇರೆಯವರು ತೆಗೆದುಕೊಂಡಿರಬಾರದು. ಆದಷ್ಟೂ ತರಗತಿಗೆ ಬರುವ ಮುಂಚೆಯೇ ಖಾತೆ ಮಾಡಿಕೊಂಡು ಬರಲು ಹೇಳಿ. ಎಲ್ಲರಿಗೂ ನಿಮ್ಮದೇ ಒಂದು ಖಾತೆ ಕೊಡುವ ಆಸೆ ಆಗುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಆದರೂ ಬೇಡ. ಒಬ್ಬರ ಇಂಡೆಕ್ಸ್ ಫೈಲ್ ಮೇಲೆ ಇನ್ನೊಬ್ಬರದ್ದು ಕೂತು ಅಳಿಸಿಹೋಗುತ್ತದೆ, ತರಗತಿ ಮುಗಿದ ಮೇಲೆ ಪುಟ ಯಾರದ್ದು ಅನ್ನುವ ಪ್ರಶ್ನೆಯೂ ಉಳಿಯುತ್ತದೆ.

ಇಂಡೆಕ್ಸ್ ಅನ್ನುವ ಹೆಸರೇ ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸೈಟ್‌ನ ವಿಳಾಸ ಮಾತ್ರ ಟೈಪ್ ಮಾಡಿ, ಫೈಲ್ ಹೆಸರು ಹೇಳದಿದ್ದಾಗ ಸರ್ವರ್ ಸಾಮಾನ್ಯವಾಗಿ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಇದೆಯಾ ಅಂತ ಹುಡುಕುತ್ತದೆ. ಇದ್ದರೆ ಅದನ್ನೇ ಕೊಡುತ್ತದೆ. ಇಲ್ಲದಿದ್ದರೆ 404 ಅಥವಾ 403 ಅನ್ನುವ ತಪ್ಪಿನ ಸಂದೇಶ ಬರುತ್ತದೆ. ಹೋದ ಸಲ ಪುಟವೇ ತೆರೆಯಲಿಲ್ಲ ಅಂದಿರಲ್ಲ, ಆ ವಿದ್ಯಾರ್ಥಿಯ ಫೈಲ್ ಹೆಸರನ್ನು ನೋಡಿ. ಬಹುಶಃ ಹೋಮ್ ಅಂತಲೋ ದೊಡ್ಡ ಅಕ್ಷರದ ಇಂಡೆಕ್ಸ್ ಅಂತಲೋ ಇರುತ್ತದೆ, ಇಲ್ಲವೇ ಆ ಟಿಎಕ್ಸ್‌ಟಿ ಬಾಲ ಅಂಟಿಕೊಂಡಿರುತ್ತದೆ. ಇನ್ನೊಂದು ಸಾಧ್ಯತೆಯೂ ಉಂಟು. ಫೋಲ್ಡರ್ ಒಳಗಿನ ಫೈಲ್‌ಗಳನ್ನು ಎಳೆಯುವ ಬದಲು ಇಡೀ ಫೋಲ್ಡರನ್ನೇ ಎಳೆದು ಹಾಕಿರುತ್ತಾರೆ. ಆಗ ಪುಟ ಒಂದು ಫೋಲ್ಡರ್ ಒಳಗೆ ಕೂತಿರುತ್ತದೆ, ಮೇಲಿನ ವಿಳಾಸದಲ್ಲಿ ಸಿಗುವುದಿಲ್ಲ.

ಎರಡನೆಯದು: ತಿದ್ದುವುದು

ಪುಟ ಮಾಡುವುದಕ್ಕಿಂತ ತಿದ್ದುವುದನ್ನು ಕಲಿಸಲು ಜಾಸ್ತಿ ಸಮಯ ಕೊಡಿ. ಪುಟ ಹುಟ್ಟುವುದು ಒಂದು ಸಲ, ತಿದ್ದುವುದು ವರ್ಷಗಟ್ಟಲೆ. ಪರದೆಯ ಎಡಕ್ಕೆ ನೋಟ್‌ಪ್ಯಾಡ್, ಬಲಕ್ಕೆ ಬ್ರೌಸರ್ ಇಡಿಸಿ. ಒಂದು ಪದ ಬದಲಿಸು, ಕಂಟ್ರೋಲ್ ಎಸ್ ಒತ್ತು, ಬ್ರೌಸರ್‌ನಲ್ಲಿ ರಿಫ್ರೆಶ್ ಮಾಡು. ಈ ಮೂರು ಹೆಜ್ಜೆ ಕೈಗೆ ಹತ್ತುವವರೆಗೂ ಹೊಸ ಟ್ಯಾಗ್ ಕೊಡಬೇಡಿ. ಬದಲಾವಣೆ ಕಾಣುತ್ತಿಲ್ಲ ಅನ್ನುವ ದೂರು ಬಂದರೆ ಬಹುಪಾಲು ಸಲ ಸೇವ್ ಆಗಿರುವುದಿಲ್ಲ. ಇಲ್ಲವೇ ಫೈಲ್ ಎರಡು ಕಡೆ ಇದ್ದು, ಒಂದನ್ನು ತಿದ್ದಿ ಇನ್ನೊಂದನ್ನು ನೋಡುತ್ತಿರುತ್ತಾರೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಒಂದು, ಡೆಸ್ಕ್‌ಟಾಪ್‌ನಲ್ಲಿ ಒಂದು ಇರುವುದು ತೀರಾ ಸಾಮಾನ್ಯ.

ಸರ್ವರ್‌ಗೆ ಹಾಕಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಅದು ಕ್ಯಾಶ್‌ನ ಕೆಲಸ. ಬ್ರೌಸರ್ ಒಮ್ಮೆ ನೋಡಿದ ಫೈಲನ್ನು ತನ್ನಲ್ಲೇ ಇಟ್ಟುಕೊಂಡು ಅದನ್ನೇ ಮತ್ತೆ ತೋರಿಸುತ್ತಿರುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಎಫ್5 ಒತ್ತಿದರೆ ಹೊಸದಾಗಿ ತರುತ್ತದೆ. ಇದನ್ನು ಕಲಿಸದಿದ್ದರೆ ಅಪ್‌ಲೋಡ್ ಆಗಿಲ್ಲ ಅಂದುಕೊಂಡು ಮತ್ತೆ ಮತ್ತೆ ಹಾಕುತ್ತಲೇ ಇರುತ್ತಾರೆ, ಪಾಪ.

ತಿದ್ದುವುದು ಯಾವಾಗಲೂ ತಮ್ಮ ಕಂಪ್ಯೂಟರ್‌ನ ಪ್ರತಿಯಲ್ಲೇ ನಡೆಯಲಿ. ನಿಯೋಸಿಟೀಸ್‌ನಂಥ ಕಡೆ ಬ್ರೌಸರ್‌ನಲ್ಲೇ ತಿದ್ದಲೂ ಬರುತ್ತದೆ. ಅನುಕೂಲ ನಿಜ. ಆದರೆ ಒಮ್ಮೆ ಅಲ್ಲಿ ತಿದ್ದಿದರೆ ಎರಡು ಪ್ರತಿ ಬೇರೆಬೇರೆ ಆಗುತ್ತವೆ. ಮುಂದಿನ ಸಲ ಕಂಪ್ಯೂಟರ್‌ನಿಂದ ಅಪ್‌ಲೋಡ್ ಮಾಡಿದಾಗ ಅಲ್ಲಿ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಅಸಲು ಪ್ರತಿ ನನ್ನ ಫೋಲ್ಡರ್‌ನಲ್ಲಿದೆ, ಸರ್ವರ್‌ನಲ್ಲಿರುವುದು ಅದರ ನಕಲು. ಈ ಅಭ್ಯಾಸ ಶುರುವಿನಲ್ಲೇ ಬೀಳಲಿ.

ಟ್ಯಾಗ್‌ಗಳ ವಿಷಯಕ್ಕೆ ಬಂದರೆ, ಪಟ್ಟಿ ಚಿಕ್ಕದಿರಲಿ. ಇವತ್ತಿನ ಎಚ್‌ಟಿಎಂಎಲ್‌ನಲ್ಲಿ ನೂರಕ್ಕೂ ಜಾಸ್ತಿ ಟ್ಯಾಗ್‌ಗಳಿವೆ. 1991ರ ಮೊದಲ ಪಟ್ಟಿಯಲ್ಲಿ ಇದ್ದದ್ದು ಹೆಚ್ಚುಕಡಿಮೆ 20. ಅದರಲ್ಲಿ ಚಿತ್ರದ ಟ್ಯಾಗ್ ಕೂಡ ಇರಲಿಲ್ಲ. ಅಷ್ಟರಲ್ಲೇ ವೆಬ್ ನಡೆದಿತ್ತು. ನಿಮ್ಮ ವಿದ್ಯಾರ್ಥಿಗಳಿಗೆ ಎಚ್‌1, ಎಚ್‌2, ಪಿ, ಪಟ್ಟಿಗೆ ಯುಎಲ್ ಮತ್ತು ಎಲ್‌ಐ, ಕೊಂಡಿಗೆ ಎ, ಚಿತ್ರಕ್ಕೆ ಐಎಂಜಿ ಇಷ್ಟು ಬಂದರೆ ಒಂದು ಒಳ್ಳೆಯ ಪುಟ ಆಗುತ್ತದೆ. ಫಾಂಟ್, ಸೆಂಟರ್ ಅನ್ನುವ ಹಳೆಯ ಟ್ಯಾಗ್‌ಗಳು ಕೆಲವು ಹಳೆಯ ಪಾಠಗಳಲ್ಲಿ ಇನ್ನೂ ಸಿಗುತ್ತವೆ, ಅವನ್ನು ಕಲಿಸಬೇಡಿ. ಟೇಬಲ್ ಟ್ಯಾಗ್ ಅಂಕಿಅಂಶಕ್ಕೆ ಮಾತ್ರ, ಪುಟವನ್ನು ಜೋಡಿಸಲು ಅಲ್ಲ.

ಎಚ್‌ಟಿಎಂಎಲ್‌ನ ಒಂದು ಗುಣ ಕಲಿಸುವವರಿಗೆ ವರವೂ ಹೌದು, ತೊಡಕೂ ಹೌದು. ಬ್ರೌಸರ್ ತಪ್ಪನ್ನು ಕ್ಷಮಿಸುತ್ತದೆ. ಪಿ ಟ್ಯಾಗ್ ಮುಚ್ಚದಿದ್ದರೂ, ಅಂದರೆ ಕೊನೆಯಲ್ಲಿ ಗೀಟು ಸೇರಿಸಿ ಅದೇ ಟ್ಯಾಗ್ ಮತ್ತೆ ಬರೆಯದಿದ್ದರೂ ಪುಟ ಕಾಣುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಹೊಸಬರಿಗೆ ಇದರಿಂದ ಧೈರ್ಯ ಬರುತ್ತದೆ. ಆದರೆ ಎಲ್ಲಿ ತಪ್ಪಾಗಿದೆ ಅಂತ ಹೇಳುವವರೂ ಇರುವುದಿಲ್ಲ. ಹಾಗಾಗಿ ಕಂಡದ್ದನ್ನು ನೋಡಿ ತಪ್ಪನ್ನು ಹಿಡಿಯುವುದನ್ನು ನೀವೇ ಕಲಿಸಬೇಕು. ಪುಟ ಪೂರ್ತಿ ಖಾಲಿ ಕಾಣುತ್ತಿದ್ದರೆ ಮೊದಲು ಟೈಟಲ್ ಟ್ಯಾಗ್ ನೋಡಿಸಿ. ಅದನ್ನು ಮುಚ್ಚದಿದ್ದರೆ ಬ್ರೌಸರ್ ಉಳಿದ ಇಡೀ ಪುಟವನ್ನು ಶೀರ್ಷಿಕೆಯ ಭಾಗ ಅಂತಲೇ ನುಂಗಿಬಿಡುತ್ತದೆ. ಒಂದು ಕೊಂಡಿಯಿಂದ ಕೆಳಗೆ ಎಲ್ಲವೂ ನೀಲಿ ಗೆರೆ ಎಳೆದುಕೊಂಡಿದ್ದರೆ ಎ ಟ್ಯಾಗ್ ಮುಚ್ಚಿಲ್ಲ. ಪುಟದ ಕೆಳಭಾಗ ಪೂರ್ತಿ ದೊಡ್ಡ ಅಕ್ಷರವಾಗಿದ್ದರೆ ಎಚ್‌1ನ ಮುಚ್ಚುವ ಗೀಟು ಮರೆತಿದೆ. ಮಧ್ಯದಲ್ಲಿ ಒಂದು ತುಂಡು ಮಾಯವಾಗಿದ್ದರೆ ಉದ್ಧರಣ ಚಿಹ್ನೆಯೊಂದು ಬಿಟ್ಟುಹೋಗಿದೆ.

ಇದನ್ನು ಆಟದ ಹಾಗೆ ಮಾಡಿಸಿ. ಸರಿಯಾಗಿರುವ ಪುಟದಲ್ಲಿ ಒಬ್ಬರು ಒಂದೇ ಒಂದು ಚಿಹ್ನೆ ಅಳಿಸಲಿ, ಪಕ್ಕದವರು ಹುಡುಕಲಿ. ತಾವೇ ಬೇಕಂತ ಕೆಡಿಸಿದ ಪುಟ ಕೆಟ್ಟಾಗ ಭಯವಾಗುವುದಿಲ್ಲ. ಮುಂದೆ ತಾನಾಗಿ ಕೆಟ್ಟಾಗಲೂ ಕೈ ನಡುಗುವುದಿಲ್ಲ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ವ್ಯಾಲಿಡೇಟರ್ ಕೂಡ ತೋರಿಸಿ. ಪುಟವನ್ನು ಅದಕ್ಕೆ ಕೊಟ್ಟರೆ ತಪ್ಪಿರುವ ಸಾಲಿನ ನಂಬರ್ ಹೇಳುತ್ತದೆ. ಒಂದು ತಪ್ಪಿಗೆ ಹತ್ತು ದೂರು ಹೇಳುವುದೂ ಉಂಟು. ಮೊದಲ ದೂರನ್ನು ಸರಿಮಾಡಿ ಮತ್ತೆ ಪರೀಕ್ಷಿಸಲು ಹೇಳಿ, ಕೆಳಗಿನವು ಎಷ್ಟೋ ಸಲ ತಾವೇ ಹೋಗುತ್ತವೆ.

ಚಿತ್ರ ಯಾಕೆ ಬರುವುದಿಲ್ಲ

ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಪರಿಚಯದ ಭಾಗ ಇದು. ಕಂಪ್ಯೂಟರ್‌ನಲ್ಲಿ ಚಿತ್ರ ಕಾಣುತ್ತದೆ, ಅಪ್‌ಲೋಡ್ ಆದ ಮೇಲೆ ಕಾಣುವುದಿಲ್ಲ. ಕಾರಣಗಳು ಕೆಲವೇ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ದಾರಿ, ಅಂದರೆ ಚಿತ್ರ ಎಲ್ಲಿದೆ ಅಂತ ಪುಟದಲ್ಲಿ ಬರೆಯುವ ವಿಳಾಸ. ವಿದ್ಯಾರ್ಥಿ ಚಿತ್ರದ ಪೂರ್ತಿ ದಾರಿಯನ್ನು ಸಿ ಡ್ರೈವ್‌ನಿಂದ ಹಿಡಿದು ಕಾಪಿ ಮಾಡಿ ಹಾಕಿರುತ್ತಾರೆ. ಅವರ ಕಂಪ್ಯೂಟರ್‌ನಲ್ಲಿ ಅದು ಸಿಗುತ್ತದೆ. ಪುಟ ನೋಡುವ ಬೇರೆಯವರ ಬ್ರೌಸರ್‌ಗೆ ಆ ಸಿ ಡ್ರೈವ್ ಎಲ್ಲಿಂದ ಬರಬೇಕು? ಇಲ್ಲಿ ಸಂಬಂಧಿತ ದಾರಿಯನ್ನು ಹೇಳಿಕೊಡಿ. ಪಕ್ಕದ ಮನೆಗೆ ಹೋಗಲು ಯಾರೂ ದೇಶದ ಹೆಸರಿನಿಂದ ಶುರುಮಾಡಿ ವಿಳಾಸ ಹೇಳುವುದಿಲ್ಲ, ಪಕ್ಕದ್ದೇ ಅಂದರೆ ಸಾಕು. ಹಾಗೆಯೇ ಪುಟ ಮತ್ತು ಚಿತ್ರ ಒಂದೇ ಫೋಲ್ಡರ್‌ನಲ್ಲಿದ್ದರೆ ಚಿತ್ರದ ಹೆಸರೊಂದೇ ಸಾಕು. ಇಡೀ ಫೋಲ್ಡರ್ ಎಲ್ಲಿಗೆ ಹೋದರೂ ಆ ದಾರಿ ತಪ್ಪುವುದಿಲ್ಲ. ಮೊದಲಿಗೆ ಎಲ್ಲವೂ ಒಂದೇ ಫೋಲ್ಡರ್‌ನಲ್ಲಿರಲಿ. ಹತ್ತಾರು ಚಿತ್ರ ಆದ ಮೇಲೆ ಇಮೇಜಸ್ ಅಂತ ಒಳಫೋಲ್ಡರ್ ಮಾಡಿಸಿ. ಆಗ ಚಿತ್ರದ ಹೆಸರಿಗೆ ಮೊದಲು ಇಮೇಜಸ್ ಮತ್ತು ಮುಂದಕ್ಕೆ ವಾಲಿದ ಗೀಟು ಸೇರಿಸಬೇಕು. ವಿಂಡೋಸ್‌ನವರು ಹಿಂದಕ್ಕೆ ವಾಲಿದ ಗೀಟು ಹಾಕುವ ಸಾಧ್ಯತೆ ಇದೆ, ಗಮನಿಸಿ.

ಅದಾದ ಮೇಲೆ ಫೈಲ್ ಹೆಸರಿನ ಇಂಗ್ಲಿಷ್ ದೊಡ್ಡ, ಸಣ್ಣ ಅಕ್ಷರ. ವಿಂಡೋಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ. ಹೆಚ್ಚಿನ ವೆಬ್ ಸರ್ವರ್‌ಗಳು ಓಡುವುದು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆ. ಅದಕ್ಕೆ ಎರಡೂ ಬೇರೆ. ಕ್ಯಾಮೆರಾ ತಾನಾಗಿ ಕೊಟ್ಟ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ವಿದ್ಯಾರ್ಥಿ ಪುಟದಲ್ಲಿ ಸಣ್ಣದರಲ್ಲಿ ಬರೆದಿರುತ್ತಾರೆ. ಮನೆಯಲ್ಲಿ ಕಂಡ ಚಿತ್ರ ಸರ್ವರ್‌ನಲ್ಲಿ ಕಾಣದಿರುವುದು ಇದಕ್ಕೇ. ಪರಿಹಾರ ಸುಲಭ. ಎಲ್ಲ ಫೈಲ್ ಹೆಸರೂ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿರಲಿ, ನಡುವೆ ಜಾಗ ಬಿಡದೆ ಅಡ್ಡಗೆರೆ ಹಾಕಲಿ. ಜಾಗ ಬಿಟ್ಟರೆ ವಿಳಾಸದಲ್ಲಿ ಅದು ಶೇಕಡಾ ಚಿಹ್ನೆ ಮತ್ತು 20 ಆಗಿ ಕಾಣುತ್ತದೆ, ಯಾರಿಗಾದರೂ ಹೇಳಲೂ ಕಷ್ಟ, ಟೈಪ್ ಮಾಡಲೂ ಕಷ್ಟ.

ಫೋನ್ ಫೋಟೋಗಳದ್ದು ಬೇರೆ ಕಥೆ. ಐಫೋನ್‌ನ ಫೋಟೋ ಎಚ್‌ಇಐಸಿ ರೂಪದಲ್ಲಿದ್ದರೆ ಕ್ರೋಮ್ ಅದನ್ನು ತೋರಿಸುವುದಿಲ್ಲ. ಜೆಪಿಇಜಿ ಆಗಿ ಬದಲಿಸಲೇಬೇಕು. ಬರೀ ಹೆಸರಿನ ಬಾಲ ಬದಲಿಸಿದರೆ ಆಗದು, ಚಿತ್ರದ ಆ್ಯಪ್‌ನಲ್ಲಿ ತೆರೆದು ಬೇರೆ ರೂಪದಲ್ಲಿ ಸೇವ್ ಮಾಡಬೇಕು. ಇನ್ನು ಗಾತ್ರ. 12 ಮೆಗಾಪಿಕ್ಸೆಲ್ ಫೋಟೋ ಅಂದರೆ ಸುಮಾರು 4,000 ಪಿಕ್ಸೆಲ್ ಅಗಲ, ಹಲವು ಎಂಬಿ ತೂಕ. ಪುಟದಲ್ಲಿ ಅದು ಕಾಣುವುದು 800 ಪಿಕ್ಸೆಲ್ ಅಗಲದಲ್ಲಿ. ಐಎಂಜಿ ಟ್ಯಾಗ್‌ನಲ್ಲಿ ವಿಡ್ತ್ ಕಡಿಮೆ ಮಾಡಿದರೆ ಕಣ್ಣಿಗೆ ಚಿಕ್ಕದಾಗುತ್ತದೆ ಅಷ್ಟೇ, ಇಳಿಯುವ ಫೈಲ್ ಅಷ್ಟೇ ದೊಡ್ಡದು. ಅಪ್‌ಲೋಡ್‌ಗೆ ಮುಂಚೆ ಪೇಂಟ್‌ನಂಥ ಸರಳ ಆ್ಯಪ್‌ನಲ್ಲಿ ರೀಸೈಜ್ ಮಾಡಿಸಿ. ಅದೇ ಹೊತ್ತಿಗೆ ಇನ್ನೊಂದು ಮಾತೂ ಹೇಳಿ. ಫೋಟೋ ತೆಗೆದ ಜಾಗದ ವಿವರ ಫೈಲ್ ಒಳಗೇ ಸೇರಿಕೊಂಡಿರಬಹುದು. ಮನೆಯಲ್ಲಿ ತೆಗೆದ ಫೋಟೋ ಹಾಕುವವರು ಆ ವಿವರವನ್ನು ತೆಗೆದು ಹಾಕಬೇಕು. ವಿಂಡೋಸ್‌ನಲ್ಲಿ ಫೈಲ್‌ನ ಪ್ರಾಪರ್ಟೀಸ್, ಡೀಟೇಲ್ಸ್ ಒಳಗೆ ಇದಕ್ಕೆ ದಾರಿ ಇದೆ.

ಐಎಂಜಿ ಟ್ಯಾಗ್‌ನಲ್ಲಿ ಆಲ್ಟ್, ಅಂದರೆ ಚಿತ್ರದಲ್ಲಿ ಏನಿದೆ ಅನ್ನುವ ವಿವರಣೆ ಬರೆಯುವುದನ್ನು ಶುರುವಿನಿಂದಲೇ ಅಭ್ಯಾಸ ಮಾಡಿಸಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದು ಅದನ್ನೇ. ಚಿತ್ರ ಬಾರದಿದ್ದಾಗ ಆ ಜಾಗದಲ್ಲಿ ಕಾಣುವುದೂ ಅದೇ. ಇದನ್ನು ಮುಂದಿನ ಹಂತದ ಪಾಠ ಅಂತ ದೂರ ಇಡುವವರಿದ್ದಾರೆ. ಅದು ಸರಿಯಲ್ಲ. ನಿಮ್ಮ ಪುಟವನ್ನು ಓದಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬಾರದು.

ಕನ್ನಡ ಕೆಟ್ಟಿದ್ದು

ಪರದೆಯಲ್ಲಿ ಏನು ಕಂಡಿತು ಅನ್ನುವುದರಿಂದಲೇ ಕಾರಣ ಹೇಳಬಹುದು. ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ಎ, ಅದರ ಪಕ್ಕ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಬರುತ್ತಿದ್ದರೆ ಫೈಲ್ ಸರಿಯಾಗಿಯೇ ಸೇವ್ ಆಗಿದೆ. ಕನ್ನಡದ ಪ್ರತಿ ಅಕ್ಷರ ಚಿಹ್ನೆಯೂ ಯುಟಿಎಫ್-8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ಬ್ರೌಸರ್ ಆ ಮೂರನ್ನು ಬಿಡಿಬಿಡಿಯಾಗಿ ಇಂಗ್ಲಿಷ್ ಚಿಹ್ನೆಗಳಂತೆ ಓದಿದಾಗ ಹೀಗೆ ಕಾಣುತ್ತದೆ. ಮೆಟಾ ಚಾರ್‌ಸೆಟ್ ಸಾಲು ಬಿಟ್ಟುಹೋಗಿದೆ ಅಂತ ಅರ್ಥ. ಆ ಸಾಲು ಹೆಡ್‌ನ ಒಳಗೆ ಎಲ್ಲಕ್ಕಿಂತ ಮೊದಲಿರಲಿ. ಫೈಲ್‌ನ ಮೊದಲ 1,024 ಬೈಟ್ ಒಳಗೆ ಅದು ಬರಬೇಕು ಅನ್ನುವ ನಿಯಮವೇ ಇದೆ.

ಅಕ್ಷರದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಸೇವ್ ಮಾಡುವಾಗಲೇ ಕನ್ನಡ ಹೋಗಿದೆ, ತಿರುಗಿ ಬರುವುದಿಲ್ಲ. ಹಳೆಯ ನೋಟ್‌ಪ್ಯಾಡ್ ತಾನಾಗಿ, ಕನ್ನಡ ಹಿಡಿಸದ ಆನ್ಸಿ ರೂಪದಲ್ಲಿ ಸೇವ್ ಮಾಡುತ್ತಿತ್ತು. ಮಧ್ಯೆ ಒಂದು ಎಚ್ಚರಿಕೆ ಬರುತ್ತಿತ್ತು, ಓದದೆ ಓಕೆ ಒತ್ತಿದರೆ ಮುಗಿಯಿತು. 2019ರ ವಿಂಡೋಸ್ 10 ಅಪ್‌ಡೇಟ್ ಬಂದ ಮೇಲೆ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8 ಬಳಸುತ್ತದೆ. ತರಗತಿಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಸೇವ್ ಆ್ಯಸ್ ಪೆಟ್ಟಿಗೆಯ ಕೆಳಗಿರುವ ಎನ್‌ಕೋಡಿಂಗ್ ನೋಡಿಸಿ.

ಇಂಗ್ಲಿಷ್ ಅಕ್ಷರಗಳ ಗೊಂದಲ ಕಂಡು, ಮೇಲೆ ಹೇಳಿದ ಮಾದರಿ ಇಲ್ಲದಿದ್ದರೆ, ಆ ಬರಹ ಯುನಿಕೋಡ್‌ಗಿಂತ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿಗಿಂತ) ಹಿಂದಿನ ಫಾಂಟ್‌ನಲ್ಲಿ ಟೈಪ್ ಆದದ್ದು. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫೈಲ್‌ಗಳಿಂದ ಕಾಪಿ ಮಾಡಿದಾಗ ಹೀಗಾಗುತ್ತದೆ. ಅದನ್ನು ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ ಆಮೇಲೆ ಪುಟಕ್ಕೆ ಹಾಕಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಲವೊಮ್ಮೆ ತಪ್ಪುತ್ತವೆ, ಒಮ್ಮೆ ಓದಿ ನೋಡಲಿ.

ಉಳಿದ ಎರಡು ತರಗತಿ

ಮೂರನೆಯದರಲ್ಲಿ ಎರಡನೇ ಪುಟ ಮಾಡಿಸಿ, ಎರಡನ್ನೂ ಕೊಂಡಿಯಿಂದ ಜೋಡಿಸಿ. ಒಂದು ಪುಟ ಇನ್ನೊಂದಕ್ಕೆ ದಾರಿ ತೋರಿಸಿದಾಗ ಸಿಗುವ ಖುಷಿ ಬೇರೆಯೇ. ಪುಟದ ಬಣ್ಣ, ಅಂದವನ್ನು ಹೇಳುವ ಸಿಎಸ್‌ಎಸ್ ಕೂಡ ಆಗಲೇ, ಆದರೆ ತೀರಾ ಸ್ವಲ್ಪ. ಬೇರೆ ಫೈಲ್‌ನಲ್ಲಿ ನಾಲ್ಕೈದು ಸಾಲು ಬರೆದು ಎರಡೂ ಪುಟಕ್ಕೆ ಅದನ್ನೇ ಸೇರಿಸಿ. ಒಂದು ಕಡೆ ಬಣ್ಣ ಬದಲಿಸಿದರೆ ಎರಡು ಪುಟವೂ ಬದಲಾಗುವುದನ್ನು ಕಣ್ಣಾರೆ ನೋಡಲಿ. ಬರಹದ ಅಗಲಕ್ಕೆ ಮಿತಿ, ಅಕ್ಷರದ ಗಾತ್ರ, ಸಾಲುಗಳ ನಡುವಿನ ಅಂತರ ಸಾಕು. ಕನ್ನಡಕ್ಕೆ ಲೈನ್-ಹೈಟ್ 1.6ಕ್ಕಿಂತ ಕಡಿಮೆ ಬೇಡ. ಕೆಳಗೆ ಒತ್ತಕ್ಷರ, ಮೇಲೆ ಗುಣಿತದ ಗುಡಿಸು ಇರುವ ಲಿಪಿ ನಮ್ಮದು. ಇಂಗ್ಲಿಷ್‌ಗೆ ಸರಿಹೊಂದುವ ಅಂತರದಲ್ಲಿ ಅವು ಒಂದಕ್ಕೊಂದು ತಾಗುತ್ತವೆ.

ನಾಲ್ಕನೆಯದಕ್ಕೆ ಎಫ್‌ಟಿಪಿ ಪರಿಚಯ. ಹಣ ಕೊಟ್ಟು ಹೋಸ್ಟಿಂಗ್, ಅಂದರೆ ಸರ್ವರ್‌ನಲ್ಲಿ ಜಾಗ ತೆಗೆದುಕೊಂಡರೆ ಇದು ಬೇಕಾಗುತ್ತದೆ. ಇದು ವೆಬ್‌ಗಿಂತ ಹಳೆಯದು. ಅಭಯ್ ಭೂಷಣ್ ಇದರ ಮೊದಲ ರೂಪವನ್ನು 1971ರಲ್ಲೇ ಬರೆದರು. ಹಳೆಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚದೆ ಹಾಗೇ ಹೋಗುತ್ತದೆ. ಅದಕ್ಕೇ ಪಾಸ್‌ವರ್ಡ್ ಮುಚ್ಚಿ ಕಳಿಸುವ ಎಸ್‌ಎಫ್‌ಟಿಪಿ ಬಳಸಿಸಿ, ಸಂಪರ್ಕಕ್ಕೆ ಕೇಳುವ ಪೋರ್ಟ್ ನಂಬರ್ ಸಾಮಾನ್ಯವಾಗಿ 22. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿ ಸೌಲಭ್ಯವನ್ನು ಕೈಬಿಟ್ಟವು, ಆದ್ದರಿಂದ ಬ್ರೌಸರ್‌ನಲ್ಲೇ ಎಫ್‌ಟಿಪಿ ತೆರೆಯಿರಿ ಅನ್ನುವ ಹಳೆಯ ಪಾಠಗಳನ್ನು ಬದಿಗಿಡಿ. ಫೈಲ್ ಕಳಿಸುವ ಫೈಲ್‌ಜಿಲ್ಲಾ ಆ್ಯಪ್ ಉಚಿತ, ಅದರ ಪರದೆಯೇ ಒಂದು ಪಾಠ. ಎಡಗಡೆ ನಿಮ್ಮ ಕಂಪ್ಯೂಟರ್, ಬಲಗಡೆ ಸರ್ವರ್. ಮೊದಲ ದಿನ ಹೇಳಿದ ಎರಡು ಪ್ರತಿಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಬಲಗಡೆ ಪಬ್ಲಿಕ್ ಅಂಡರ್‌ಸ್ಕೋರ್ ಎಚ್‌ಟಿಎಂಎಲ್ ಅಥವಾ ಎಚ್‌ಟಿಡಾಕ್ಸ್ ಅನ್ನುವ ಫೋಲ್ಡರ್ ಇರುತ್ತದೆ, ಫೈಲ್ ಹೋಗಬೇಕಾದದ್ದು ಅದರೊಳಗೆ. ಹೊರಗೆ ಬಿಟ್ಟರೆ ಅಪ್‌ಲೋಡ್ ಆಗಿರುತ್ತದೆ, ಯಾರಿಗೂ ಕಾಣುವುದಿಲ್ಲ. ಫೈಲ್ ಸರಿಯಾದ ಜಾಗದಲ್ಲಿದ್ದೂ 403 ಬಂದರೆ ಅನುಮತಿ, ಅಂದರೆ ಅದನ್ನು ಯಾರು ಓದಬಹುದು, ಯಾರು ಬದಲಿಸಬಹುದು ಅನ್ನುವ ಸಂಖ್ಯೆ ನೋಡಿಸಿ. ಫೈಲ್‌ಗೆ 644, ಫೋಲ್ಡರ್‌ಗೆ 755 ಇದ್ದರೆ ಸಾಮಾನ್ಯವಾಗಿ ಸರಿ. ಯಾರೋ ಹೇಳಿದರು ಅಂತ 777 ಕೊಡಿಸಬೇಡಿ, ಅದು ಎಲ್ಲರಿಗೂ ಬರೆಯುವ ಅನುಮತಿ ಕೊಟ್ಟ ಹಾಗೆ.

ಕೊನೆಯ ಅರ್ಧ ಗಂಟೆಯನ್ನು ಪುಟ ಅವರ ಕೈಯಲ್ಲಿ ಉಳಿಯುವ ಕೆಲಸಕ್ಕೆ ಇಡಿ. ಲಕ್ಷಾಂತರ ಜನರ ಮೊದಲ ಪುಟಗಳಿದ್ದ ಜಿಯೋಸಿಟೀಸ್‌ನ ಮುಖ್ಯ ಸೇವೆ 2009ರಲ್ಲಿ ನಿಂತಿತು. ಉಚಿತ ಸೇವೆ ಯಾವುದೇ ಆಗಲಿ, ಮುಚ್ಚುವ ದಿನ ಬರಬಹುದು. ಪ್ರತಿಯೊಬ್ಬರೂ ಆ ಸೈಟ್ ಫೋಲ್ಡರನ್ನು ಜಿಪ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಲಿ, ಒಂದು ಪ್ರತಿ ತಮ್ಮ ಮೇಲ್‌ಗೂ ಕಳಿಸಿಕೊಳ್ಳಲಿ. ಪುಟದಲ್ಲಿ ಮನೆ ವಿಳಾಸ, ಫೋನ್ ನಂಬರ್ ಉಳಿದಿದೆಯಾ, ಬೇರೆಯವರನ್ನು ಕೇಳದೆ ಅವರ ಫೋಟೋ ಹಾಕಿದ್ದಾರಾ ಅಂತ ಒಮ್ಮೆ ನೋಡಿಕೊಳ್ಳಲಿ. ಆಮೇಲೆ ಖಾತೆಯಿಂದ ಲಾಗ್ ಔಟ್ ಆಗಿ, ನಿಮ್ಮ ಸಹಾಯವಿಲ್ಲದೆ ಮತ್ತೆ ಲಾಗಿನ್ ಆಗಿ, ಒಂದು ಪದ ಬದಲಿಸಿ, ಅಪ್‌ಲೋಡ್ ಮಾಡಿ ತೋರಿಸಲಿ. ನೀವು ಆಗ ಯಾರ ಮೌಸನ್ನೂ ಮುಟ್ಟಬೇಡಿ. ಯಾರಿಗೆ ಎಲ್ಲಿ ನಿಂತಿತು ಅಂತ ಬರೆದಿಟ್ಟುಕೊಳ್ಳಿ, ಮುಂದಿನ ಗುಂಪಿಗೆ ಅಲ್ಲಿ ಹತ್ತು ನಿಮಿಷ ಜಾಸ್ತಿ ಕೊಡಿ.